ನೀರಿನ ಟ್ಯೂಬ್‌ನಲ್ಲಿ ಸಿಕ್ಕ ಬ್ಯಾಕ್ಟೀರಿಯಾ

ಬಲೆಯಿಂದ ಬಿಡಿಸಿದ ಬಾವಲಿಯನ್ನು ಬಟ್ಟೆ ಚೀಲಕ್ಕೆ ಹಾಕಿದರೆ ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಗುತ್ತದೆ. ಆಮೇಲೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಒಬ್ಬರು ಅದನ್ನು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಗಂಟಲಿಗೆ ಸ್ವಾಬ್ ಹಾಕಬೇಕು. ಹಿಡಿದವರ ಕೈಗೆ ಚರ್ಮದ ಗ್ಲೌಸ್, ಅದರೊಳಗೆ ರಬ್ಬರಿನದು ಇನ್ನೊಂದು ಜೊತೆ. ರೇಬಿಸ್ ಲಸಿಕೆ ಮೊದಲೇ ಆಗಿರಬೇಕು. ಪ್ರಾಣಿಯಿಂದ ಮನುಷ್ಯರಿಗೆ ವೈರಸ್ ಹೇಗೆ ದಾಟುತ್ತದೆ ಎಂದು ಹುಡುಕಲು ಹೋಗಿ ನಾವೇ ಅದಕ್ಕೆ ಉದಾಹರಣೆ ಆಗಬಾರದು, ಅಲ್ವಾ?

ಈ ಕೆಲಸ ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು ವೈರಸ್ ಒಂದೇ. ಸ್ವಾಬ್ ತೆಗೆ, ಟ್ಯೂಬ್‌ಗೆ ಹಾಕು, ದ್ರವ ಸಾರಜನಕದ ಡಬ್ಬಿಗೆ ಇಳಿಸು, ಲ್ಯಾಬ್‌ನಲ್ಲಿ ಪಿಸಿಆರ್ ಮಾಡು. ಅದೇ ಗಂಟಲಲ್ಲಿ, ಅದೇ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿವೆ, ವೈರಸ್ ಮೊದಲು ಎದುರಾಗುವುದು ಅವಕ್ಕೇ ಎಂಬುದು ಹೊಳೆದಿರಲಿಲ್ಲ. ಈ ಸಂಸಾರಕ್ಕೇ ಮೈಕ್ರೋಬಯೋಮ್ ಅನ್ನುವುದು.

ದಾಟುವುದು ಅಂದರೆ ಒಂದೇ ನೆಗೆತ ಅಂದುಕೊಳ್ಳುತ್ತಾರೆ. ಹಾಗಲ್ಲ. ಮಲೇಷ್ಯಾದಲ್ಲಿ 1998-99ರಲ್ಲಿ ನಿಫಾ ಬಂದದ್ದನ್ನೇ ನೋಡಿ. ಹಂದಿ ಫಾರಂಗಳ ಪಕ್ಕದಲ್ಲೇ ಮಾವಿನ ಮರಗಳಿದ್ದವು. ಹಣ್ಣಿಗೆ ಬಾವಲಿಗಳು ಬಂದವು. ಅವು ಕಚ್ಚಿ ಬೀಳಿಸಿದ ಹಣ್ಣು ಕೆಳಗಿದ್ದ ಹಂದಿಗಳ ಬಾಯಿಗೆ ಬಿತ್ತು. ಒತ್ತೊತ್ತಾಗಿ ಸಾಕಿದ್ದ ಹಂದಿಗಳಲ್ಲಿ ವೈರಸ್ ಹರಡಿತು. ಅವುಗಳ ಕೆಮ್ಮು, ಎಂಜಲಿನಿಂದ ಅದು ಕೆಲಸಗಾರರಿಗೆ ಬಂತು. 265 ಜನರಿಗೆ ಕಾಯಿಲೆ, 105 ಸಾವು. 10 ಲಕ್ಷಕ್ಕೂ ಜಾಸ್ತಿ ಹಂದಿಗಳನ್ನು ಕೊಲ್ಲಬೇಕಾಯಿತು. ಮರ, ಹಣ್ಣು, ಹಂದಿ, ಮನುಷ್ಯ: ಈ ಸಾಲಿನಲ್ಲಿ ಒಂದು ಕೊಂಡಿ ಕಳಚಿದ್ದರೂ ವೈರಸ್ ಅಲ್ಲೇ ನಿಲ್ಲುತ್ತಿತ್ತು.

ಮನುಷ್ಯರ ಮೈಗೆ ಬಂದ ಮೇಲೂ ಬಾಗಿಲು ತೆರೆಯಬೇಕು. ಹಕ್ಕಿ ಜ್ವರದ ವೈರಸ್ ಅಂಟಿಕೊಳ್ಳುವ ಥರದ ಸಕ್ಕರೆ ಅಣು ನಮ್ಮ ಮೂಗು, ಗಂಟಲಿನ ಜೀವಕೋಶಗಳ ಮೇಲೆ ಕಡಿಮೆ, ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಅದಕ್ಕೇ ಅದು ಸುಲಭವಾಗಿ ಹತ್ತುವುದಿಲ್ಲ, ಆಳಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಇಲ್ಲಿ ಬ್ಯಾಕ್ಟೀರಿಯಾ ಏನು ಮಾಡುತ್ತವೆ? ನನ್ನನ್ನು ಈ ಕಡೆ ಎಳೆದದ್ದು 2011ರಲ್ಲಿ ಬಂದ ಎರಡು ಸಂಶೋಧನೆಗಳು. ಒಂದರಲ್ಲಿ ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡಿದರು. ಆಮೇಲೆ ಫ್ಲೂ ವೈರಸ್ ಹಾಕಿದಾಗ ಅವುಗಳ ಶ್ವಾಸಕೋಶ ಸರಿಯಾಗಿ ಎದುರಿಸಲೇ ಇಲ್ಲ. ಅಂದರೆ ಕರುಳಿನ ಬ್ಯಾಕ್ಟೀರಿಯಾ ಎದೆಗೂಡಿಗೆ ಕಾವಲು. ಓದಿ ಖುಷಿಯಾಯಿತು. ಇನ್ನೊಂದನ್ನು ಓದಿದಾಗ ಆ ಖುಷಿ ಇಳಿಯಿತು. ಅಲ್ಲಿ ಆಂಟಿಬಯೋಟಿಕ್ ಕೊಟ್ಟ ಇಲಿಗಳಲ್ಲಿ ಪೋಲಿಯೊ ವೈರಸ್‌ನ ಆಟವೇ ಕಡಿಮೆಯಾಗಿತ್ತು. ಪೋಲಿಯೊ ವೈರಸ್ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ, ಜೀವಕೋಶಕ್ಕೂ ಸಲೀಸಾಗಿ ಅಂಟುತ್ತದೆ. ಅಲ್ಲಿ ಕಾವಲುಗಾರನೇ ಕಳ್ಳನಿಗೆ ಏಣಿ ಹಿಡಿದ ಹಾಗೆ. ಪೋಲಿಯೊ ಪ್ರಾಣಿಯಿಂದ ಬರುವ ಕಾಯಿಲೆ ಅಲ್ಲ, ಆದರೆ ಪಾಠ ಮಾತ್ರ ದೊಡ್ಡದು. 'ಒಳ್ಳೆ ಬ್ಯಾಕ್ಟೀರಿಯಾ' ಎಂಬ ಮಾತನ್ನು ನಾನು ಬಿಟ್ಟದ್ದು ಅವತ್ತೇ. ಯಾವ ವೈರಸ್‌ಗೆ, ಯಾವ ಜಾಗದಲ್ಲಿ ಎಂದು ಕೇಳದೆ ಅದಕ್ಕೆ ಅರ್ಥವೇ ಇಲ್ಲ. (ಪ್ರೊಬಯೋಟಿಕ್ ತಿಂದರೆ ನಿಫಾ ಬರಲ್ವಾ ಎಂದು ಕೇಳುವವರಿಗೂ ಇದೇ ಉತ್ತರ. ಹಾಗಂತ ಯಾರೂ ತೋರಿಸಿಲ್ಲ.)

ಸರಿ, ಬಾವಲಿಯಲ್ಲೂ ನೋಡೋಣ ಅಂದುಕೊಂಡೆ. ವೈರಸ್ ಇರುವ ಬಾವಲಿ, ಇಲ್ಲದ ಬಾವಲಿ, ಇಬ್ಬರ ಬ್ಯಾಕ್ಟೀರಿಯಾ ಸಂಸಾರದಲ್ಲಿ ವ್ಯತ್ಯಾಸ ಇದೆಯಾ?

ಮೊದಲ ತೊಡಕು ಟ್ಯೂಬ್‌ನಲ್ಲೇ ಇತ್ತು. ವೈರಸ್ ಸ್ವಾಬ್ ಇಡುವ ದ್ರವಕ್ಕೆ ಆಂಟಿಬಯೋಟಿಕ್ ಹಾಕಿರುತ್ತಾರೆ, ಬ್ಯಾಕ್ಟೀರಿಯಾ ಬೆಳೆದು ಸ್ಯಾಂಪಲ್ ಹಾಳಾಗದಿರಲಿ ಎಂದು. ನಾನು ಹುಡುಕುತ್ತಿರುವುದು ಅದೇ ಬ್ಯಾಕ್ಟೀರಿಯಾವನ್ನು! ಹಾಗಾಗಿ ಒಂದು ಬಾವಲಿಗೆ ಎರಡು ಸ್ವಾಬ್, ಎರಡು ಟ್ಯೂಬ್. ಮುಷ್ಟಿಯಲ್ಲಿ ಅಡಗುವ ಪ್ರಾಣಿಯ ಬಾಯಿಗೆ ಎರಡು ಸಲ ಕಡ್ಡಿ ತೂರಿಸುವುದು ಅದಕ್ಕೂ ಕಷ್ಟ, ನಮಗೂ ಕಷ್ಟ.

ಬ್ಯಾಕ್ಟೀರಿಯಾಗಳಲ್ಲಿ 16ಎಸ್ ಎಂಬ ಜೀನ್ ಇರುತ್ತದೆ. ಅದನ್ನು ಓದಿದರೆ ಸ್ಯಾಂಪಲ್‌ನಲ್ಲಿ ಯಾವ ಯಾವ ಮನೆತನದವರು ಇದ್ದಾರೆ ಎಂದು ಗೊತ್ತಾಗುತ್ತದೆ. ಗಂಟಲ ಸ್ವಾಬ್‌ಗಳ ಫಲಿತಾಂಶ ಬಂದ ದಿನ ಪರದೆ ಮೇಲೆ ಚುಕ್ಕಿಗಳು, ಸ್ಯಾಂಪಲ್‌ಗೆ ಒಂದರಂತೆ, ಎರಡು ಗುಂಪಾಗಿ ನಿಂತಿದ್ದವು. ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ. ಕೆಂಪು ಅಂದರೆ ವೈರಸ್ ಇದ್ದ ಬಾವಲಿಗಳು, ನೀಲಿ ಇಲ್ಲದವು. ಇಷ್ಟು ಚೆನ್ನಾಗಿ ಬೇರೆಯಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಊಟ ಬಿಟ್ಟು ಅದನ್ನೇ ನೋಡುತ್ತಾ ಕೂತೆ. ಪ್ರಬಂಧದ ಶೀರ್ಷಿಕೆ ಕೂಡ ಬರೆದಾಯಿತು.

ಲ್ಯಾಬ್‌ಗೆ ಹೊಸದಾಗಿ ಸೇರಿದ್ದ ಹುಡುಗಿ ಹಿಂದೆ ಬಂದು ನಿಂತಳು. "ಮೇಡಂ, ಇದರಲ್ಲಿ ಬ್ಲ್ಯಾಂಕ್ ಎಲ್ಲಿದೆ?"

ಬ್ಲ್ಯಾಂಕ್ ಅಂದರೆ ಸ್ಯಾಂಪಲ್ ಬದಲು ಬರೀ ಶುದ್ಧ ನೀರು ಹಾಕಿ, ಉಳಿದದ್ದೆಲ್ಲ ಹಾಗೇ ಮಾಡಿದ ಟ್ಯೂಬ್. ಪಿಸಿಆರ್‌ನಲ್ಲಿ ತಪ್ಪದೆ ಮಾಡುತ್ತಿದ್ದೆ. ಇಲ್ಲಿ ಡಿಎನ್‌ಎ ತೆಗೆಯುವ ಹಂತದಲ್ಲಿ ಮಾಡಿರಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಡಿಎನ್‌ಎ ತೆಗೆಯುವ ಕಿಟ್‌ಗಳನ್ನು ನೋಡಿದರೆ ಲಾಟ್ ನಂಬರ್, ಅಂದರೆ ತಯಾರಾದ ಕಂತಿನ ಗುರುತು, ಬೇರೆ ಬೇರೆ. ಅವಸರದಲ್ಲಿ ವೈರಸ್ ಇದ್ದ ಸ್ಯಾಂಪಲ್‌ಗಳನ್ನೆಲ್ಲ ಮೊದಲು ಮುಗಿಸಿದ್ದೆ, ಹಳೇ ಕಿಟ್‌ನಲ್ಲಿ. ಉಳಿದವು ಹೊಸ ಕಿಟ್‌ಗೆ ಹೋಗಿದ್ದವು.

ಎರಡೂ ಕಿಟ್‌ಗಳಲ್ಲಿ ಬರೀ ನೀರು ಓಡಿಸಿದೆವು. ಹಳೇ ಕಿಟ್‌ನ ನೀರಿನಲ್ಲಿ ರಾಲ್ಸ್ಟೋನಿಯಾ, ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ನನ್ನ ಕೆಂಪು ಚುಕ್ಕಿಗಳನ್ನು ಬೇರೆ ಮಾಡಿದ್ದು ಇವೇ! ಮಣ್ಣು, ನೀರಿನಲ್ಲಿ ಇರುವಂಥವು, ಕಿಟ್‌ಗಳಲ್ಲಿ ಸೇರಿಕೊಳ್ಳುವುದೂ ಹೊಸದಲ್ಲ. ಬಾವಲಿ ಗಂಟಲಿನ ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಇರುವುದೇ ಸ್ವಲ್ಪ. ಅಂಥ ಕಡೆ ಕಿಟ್‌ನ ಕೊಳೆಯೇ ದೊಡ್ಡದಾಗಿ ಕಾಣುತ್ತದೆ. ಶೀರ್ಷಿಕೆ ಬರೆದ ಹಾಳೆಯನ್ನು ಹರಿದು ಹಾಕಿದೆ. ಆ ಹುಡುಗಿಗೆ ಥ್ಯಾಂಕ್ಸ್ ಹೇಳಲು ಎರಡು ದಿನ ಬೇಕಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮತ್ತೆ ಮಾಡಿದಾಗ ಸ್ಯಾಂಪಲ್‌ಗಳನ್ನು ಇಸ್ಪೀಟಿನ ಹಾಗೆ ಕಲೆಸಿದೆವು. ಯಾವುದರಲ್ಲಿ ವೈರಸ್ ಇದೆ ಎಂದು ಡಿಎನ್‌ಎ ತೆಗೆಯುವವರಿಗೆ ತಿಳಿಸಲಿಲ್ಲ. ಕೆಂಪು, ನೀಲಿ ಬೆರೆತು ಹೋದವು.

ಹಿಕ್ಕೆಯ ಸ್ಯಾಂಪಲ್‌ಗಳು ಮಾತ್ರ ಬೇರೆ ಕಥೆ ಹೇಳಿದವು. ಅದರಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿ ಇರುತ್ತವೆ, ಕಿಟ್‌ನ ಕೊಳೆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಗುಂಪುಗಳು ನಿಜವಾಗಿ ಬೇರೆಯಾದವು, ಆದರೆ ವೈರಸ್ ಪ್ರಕಾರ ಅಲ್ಲ, ತಿಂಗಳ ಪ್ರಕಾರ. ಹಣ್ಣು ಹೇರಳವಾಗಿದ್ದ ತಿಂಗಳು ಒಂದು ಸಂಸಾರ, ಬರಗಾಲದ ತಿಂಗಳು ಇನ್ನೊಂದು. ವೈರಸ್ ಇದ್ದವು ಜಾಸ್ತಿ ಸಿಕ್ಕಿದ್ದು ಬರಗಾಲದ ತಿಂಗಳಲ್ಲೇ.

ಇದು ನನಗೆ ಹೆಂಡ್ರಾ ನೆನಪಿಸಿತು. ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಕುದುರೆಗಳಿಂದ ಮನುಷ್ಯರಿಗೆ ಬಂದ ವೈರಸ್ ಅದು, ಮೂಲ ಬಾವಲಿಯೇ. ಅಲ್ಲಿನವರು ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದರು. ಕಾಡಿನ ಮಕರಂದ ಸಿಗದ ಚಳಿಗಾಲದಲ್ಲಿ ಬಾವಲಿಗಳು ಊರು, ಕುದುರೆ ಮೈದಾನಗಳ ಹತ್ತಿರ ಬರುತ್ತವೆ, ವೈರಸ್ಸನ್ನೂ ಜಾಸ್ತಿ ಹೊರಹಾಕುತ್ತವೆ. ಕಾಡು ಹೂ ಬಿಟ್ಟ ಚಳಿಗಾಲದಲ್ಲಿ ಕುದುರೆಗಳಿಗೆ ದಾಟಲಿಲ್ಲ. ಹಸಿವು ಕರುಳನ್ನೂ ಬದಲಿಸಬಹುದು, ವೈರಸ್ಸನ್ನೂ ಎಬ್ಬಿಸಬಹುದು. ಹಾಗಿರುವಾಗ ಎರಡನ್ನೂ ಒಂದೇ ಸಲ ನೋಡಿ, ಬ್ಯಾಕ್ಟೀರಿಯಾ ಬದಲಾದದ್ದಕ್ಕೇ ವೈರಸ್ ಬಂತು ಅನ್ನುವುದು ಕಿಟ್ ತಪ್ಪಿನ ಅಣ್ಣ ಅಷ್ಟೇ.

ಅದಕ್ಕೆ ಈಗ ಬಾವಲಿ ಹಿಡಿಯುವುದನ್ನು ಕಡಿಮೆ ಮಾಡಿ, ಅವು ನೇತಾಡುವ ಮರದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಬೆಳಗಿನ ಜಾವ ಅವು ಮೇವು ಮುಗಿಸಿ ಮರಳಿದಾಗ ಹಾಳೆ ಮೇಲೆ ಟಪ್ ಟಪ್ ಎಂದು ಬೀಳುವ ಮೂತ್ರ, ಹಿಕ್ಕೆಯನ್ನು ಎತ್ತಿಕೊಳ್ಳುತ್ತೇವೆ. ಅದೇ ಮರ, ಪ್ರತಿ ತಿಂಗಳು. ಪಕ್ಕದಲ್ಲಿ ಏನೂ ಬೀಳದ ಕಡೆ ಇನ್ನೊಂದು ಹಾಳೆ ಹಾಸಿ, ಅದರ ಮೇಲೂ ಒಂದು ಸ್ವಾಬ್ ಉಜ್ಜುತ್ತೇವೆ. ಆ ಟ್ಯೂಬ್‌ಗೆ ಹೆಸರು ಬರೆಯುವ ಕೆಲಸ ಆ ಹುಡುಗಿಯದೇ. 'ಬರೀ ಗಾಳಿ' ಎಂದು ಬರೆಯುತ್ತಾಳೆ.