ಹೆರಿಗೆಯ ನಂತರ ಸಿಗರೇಟಿನ ಸೆಳೆತ: ಆ ಐದು ನಿಮಿಷಕ್ಕೊಂದು ಉಪಾಯ
ಬಸಿರಿನಲ್ಲಿ ಸಿಗರೇಟು ಬಿಟ್ಟವರು ಹೆರಿಗೆಯಾದ ಮೇಲೂ ಹಾಗೇ ಉಳಿಯಬೇಕೆಂದರೆ, ಮಗು ನಿದ್ದೆ ಹೋದ ತಕ್ಷಣದ ಐದು ನಿಮಿಷಕ್ಕೆ ಕೈಗೊಂದು ಕೆಲಸ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಮಗು ಮಲಗುವ ಕಡೆ ಒಂದು ಬಾಟಲಿ ತಣ್ಣೀರು ಇರಲಿ. ಆಸೆ ಎದ್ದ ಕೂಡಲೇ ಮೊಬೈಲಿನಲ್ಲಿ ಟೈಮರ್ ಹಾಕಿ, ಗುಟುಕು ಗುಟುಕಾಗಿ ಕುಡಿಯುತ್ತ ಮಗುವಿನ ಬಟ್ಟೆ ಮಡಚಿ. ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸಿದರೆ ಸಾಕು. ಬಸಿರಿನಲ್ಲಿ ವಾಕರಿಕೆ, ಹೊಗೆಯ ವಾಸನೆ ಸೇರದಿರುವುದು ಎಷ್ಟೋ ಜನರನ್ನು ತಾನಾಗಿಯೇ ತಡೆದಿರುತ್ತದೆ. ಹೆರಿಗೆಯ ನಂತರ ಅವೆರಡೂ ಹೋಗಿ ನಿದ್ದೆಗೇಡು ಮಾತ್ರ ಉಳಿಯುತ್ತದೆ, ಅದಕ್ಕೇ ಈ ಸಿದ್ಧತೆ ಬೇಕು. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಇದು ಬಹಳ ದಿನ ನಡೆಯುವುದಿಲ್ಲ. ಪ್ಯಾಕೆಟ್ಟು, ಲೈಟರು ನಿಮ್ಮ ಕಣ್ಣಿಗೆ ಬೀಳಬಾರದು, ಮನೆಯೊಳಗೆ ಹಚ್ಚಲೇಬಾರದು ಎಂದು ಅವರಿಗೆ ಖಡಾಖಂಡಿತವಾಗಿ ಹೇಳಿ, ಸಂಕೋಚ ಬೇಡ. ಎರಡು ವಾರ ಕಳೆದರೂ ಮನಸ್ಸು ಕುಸಿದೇ ಇದ್ದರೆ ನೀರು, ಟೈಮರಿನಿಂದ ಆಗುವ ಕೆಲಸವಲ್ಲ, ದಯವಿಟ್ಟು ವೈದ್ಯರನ್ನು ಕಾಣಿ; ಹಾಲೂಡಿಸುವವರು ನಿಕೋಟಿನ್ ಗಮ್ (ಸಿಗರೇಟು ಬಿಡಲು ಅಗಿಯುವ ಗಮ್) ಬಳಸಬಹುದೇ ಎಂಬುದನ್ನೂ ಅವರಲ್ಲೇ ಕೇಳಿ. ಅಕಸ್ಮಾತ್ ಒಂದು ಸೇದಿಬಿಟ್ಟಿರಾ? ಎದೆಹಾಲು ನಿಲ್ಲಿಸಬೇಡಿ. ನಿಕೋಟಿನ್ ಹಾಲಿಗೆ ಇಳಿಯುವುದು ನಿಜ, ಆದರೆ ಸುಮಾರು 2 ಗಂಟೆಯಲ್ಲಿ ಅದರ ಪ್ರಮಾಣ ಅರ್ಧಕ್ಕೆ ಬರುತ್ತದೆ. ಕೈ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಆದರೆ ಮಗುವನ್ನು ನಿಮ್ಮ ಹಾಸಿಗೆಯಲ್ಲೇ ಮಲಗಿಸಿಕೊಳ್ಳಬೇಡಿ, ಸೇದಿದವರ ಪಕ್ಕ ಮಲಗುವುದು ಮಗುವಿಗೆ ಅಪಾಯ.