ಲ್ವಾರ್ ಸೈಕಲ್ ದಾರಿ: ನದಿಗೆ ಎದುರಾಗಿ ಹೊರಡಿ

ಫ್ರಾನ್ಸ್‌ನ ಲ್ವಾರ್ ದಂಡೆಯಲ್ಲಿ ಸೈಕಲ್ ಪ್ರವಾಸ ಹೊರಟವರು ನದಿ ಹರಿಯುವ ದಿಕ್ಕಿಗೆ ಹೋಗಬೇಡಿ. ರೈಲಿನಲ್ಲಿ ನಾಂತ್‌ಗೆ ಹೋಗಿ, ಅಲ್ಲಿಂದ ಸೊಮ್ಯೂರ್, ತೂರ್, ಆಂಬ್ವಾಸ್, ಬ್ಲ್ವಾ ಅಂತ ಪೂರ್ವಕ್ಕೆ ತುಳಿಯಿರಿ. ಇಳಿಜಾರಿನ ಲಾಭ ಸುಮ್ನೆ ಹೆಸರಿಗೆ; ಬ್ಲ್ವಾ ದಾಟಿ ಪೂರ್ವಕ್ಕಿರುವ ಓರ್ಲಿಯಾನ್‌ನಿಂದ ಸಮುದ್ರದವರೆಗೆ ನದಿ ಇಳಿಯುವುದೇ ಸುಮಾರು 100 ಮೀಟರ್. ಗಾಳಿ ಮಾತ್ರ ಹೆಚ್ಚಿನ ದಿನ ಪಶ್ಚಿಮದ ಅಟ್ಲಾಂಟಿಕ್ ಸಾಗರದ ಕಡೆಯಿಂದಲೇ. ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲೆ ಎಷ್ಟೋ ಕಡೆ ಮರದ ಮರೆಯೂ ಇಲ್ಲ. ಎದುರುಗಾಳಿಗೆ ಸಿಕ್ಕರೆ, ಎರಡೂ ಕಡೆ ಬ್ಯಾಗು ನೇತುಹಾಕಿದ ಸೈಕಲ್ ಸಮತಟ್ಟಿನಲ್ಲೂ ಘಾಟಿ ಹತ್ತಿದ ಹಾಗೆ ಏದುಸಿರು ಬಿಡಿಸುತ್ತದೆ. ಆದರೆ ಮಳೆಯಿಲ್ಲದ ಒಣ ಹವೆಯಲ್ಲಿ ಗಾಳಿ ಈಶಾನ್ಯದಿಂದಲೂ ಬೀಸುವುದುಂಟು. ಮುನ್ಸೂಚನೆ ಹಾಗಿದ್ದರೆ ಓರ್ಲಿಯಾನ್‌ನಿಂದಲೇ ಶುರು ಮಾಡಿ. ಬೋರ್ಡುಗಳು ಎರಡೂ ದಿಕ್ಕಿಗೆ ಇವೆ, ದಾರಿ ತಪ್ಪುವ ಚಿಂತೆ ಬೇಡ.