ಲಿಫ್ಟಿನಲ್ಲಿ ನಗಲು ಅನುಮತಿ

ನನ್ನ ಕಾದಂಬರಿ ನಡೆಯುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. 60 ಮನೆ, ಒಬ್ಬ ಸಂಘದ ಅಧ್ಯಕ್ಷ. ಆತ ಯಾರಿಗೂ ಬೈಯುವುದಿಲ್ಲ. ಸುಮ್ನೆ ನೋಟಿಸ್ ಅಂಟಿಸುತ್ತಾನೆ. ಪುಸ್ತಕ ಮುಗಿಯುವ ಹೊತ್ತಿಗೆ ಯಾರ ಮನೆಗೆ ಯಾವ ನೆಂಟರು ಬರಬೇಕು ಅನ್ನುವುದೂ ಅವನ ಕೈಗೆ ಹೋಗಿರುತ್ತದೆ.

500 ಪ್ರತಿ ಅಚ್ಚು ಹಾಕಿಸಿದ್ದೆ. ಬಿಡುಗಡೆಯ ದಿನ 40 ಹೋದವು, ಅದರಲ್ಲಿ ಅರ್ಧ ನೆಂಟರಿಗೆ. ಉಳಿದ ಕಟ್ಟುಗಳು ಮಂಚದ ಕೆಳಗೆ. 'ಅಧಿಕಾರದ ಕುರಿತ ಗಂಭೀರ ಕೃತಿ' ಅಂತ ಫೇಸ್‌ಬುಕ್‌ನಲ್ಲಿ ಹಾಕಿದರೆ ಜನ ಲೈಕ್ ಒತ್ತಿ ಮುಂದೆ ಹೋಗುತ್ತಿದ್ದರು.

ಆಗ ಹಾಸ್ಯಕ್ಕೆ ಇಳಿದೆ. ಮೊದಲ ಸಲ ಎಡವಿದೆ. ಅಧ್ಯಕ್ಷನ ಕಾರ್ಟೂನ್ ಬರೆಸಿದೆ: ದೊಡ್ಡ ಹೊಟ್ಟೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ವಾಟ್ಸಾಪ್‌ನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಜನಕ್ಕೆ ಅವನ ಮೇಲೆ ಪ್ರೀತಿ ಬಂದುಬಿಟ್ಟಿತು! "ನಮ್ಮ ಮಾವನ ಥರಾನೇ ಇದಾನೆ" ಅಂತ ನಗುತ್ತಿದ್ದರು. ಕಾರ್ಟೂನ್ ನಂಬಿ ಪುಸ್ತಕ ಕೊಂಡ ಒಬ್ಬರು ಫೋನ್ ಮಾಡಿ, "ನಗಿಸ್ತೀರಿ ಅಂದ್ಕೊಂಡೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ" ಅಂತ ಜಗಳ ಆಡಿದರು. ಅವರ ಮಾತು ನ್ಯಾಯವೇ. ಬೆಲ್ಲ ಅಂತ ಹೇಳಿ ಬೇವು ಮಾರಿದ್ದೆ.

ಮನೆಯಲ್ಲಿ 'ಕೊರವಂಜಿ'ಯ ಕೆಲವು ಹಳೇ ಸಂಚಿಕೆಗಳಿದ್ದವು. 'ರಾಶಿ' ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿ 25 ವರ್ಷ ನಡೆಸಿದ ಹಾಸ್ಯ ಪತ್ರಿಕೆ. ಅವನ್ನು ತಿರುವುತ್ತಾ ಕೂತಾಗ ಹೊಳೆಯಿತು: ಅವನ ಹೊಟ್ಟೆ ನೋಡಿ ನಕ್ಕು ಏನು ಬಂತು? ಅವನ ಭಾಷೆ ಇದೆಯಲ್ಲ!

ಸರ್ಕಾರಿ ಕನ್ನಡ ನಿಜಕ್ಕೂ ಒಂದು ನಿಧಿ. 'ಕ್ರಮ ಜರುಗಿಸಲಾಗುವುದು' ಅನ್ನುತ್ತಾರೆ. ಯಾರು ಜರುಗಿಸುತ್ತಾರೆ? ವಾಕ್ಯದಲ್ಲಿ ಆಸಾಮಿಯೇ ಇಲ್ಲ. ನನ್ನ ಅಧ್ಯಕ್ಷ ಅಡಗಿ ಕೂತಿರುವುದು ಆ 'ಲಾಗುವುದು'ವಿನ ಹಿಂದೆಯೇ.

ಒಂದು ನೋಟಿಸ್ ಬರೆದೆ. "ವಿಷಯ: ಲಿಫ್ಟಿನಲ್ಲಿ ನಗುವ ಬಗ್ಗೆ. ಉಲ್ಲೇಖ: ಮೂರನೇ ಮಹಡಿಯವರ ಮೌಖಿಕ ದೂರು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಲಿಫ್ಟಿನಲ್ಲಿ ನಗಲಿಚ್ಛಿಸುವ ನಿವಾಸಿಗಳು 24 ಗಂಟೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು." ಕೆಳಗೆ ಓದಲಾಗದ ಒಂದು ಸಹಿ, ನೇರಳೆ ಬಣ್ಣದ ಸೀಲು. ತೀರಾ ಸಣ್ಣ ಅಕ್ಷರದಲ್ಲಿ ಕಾದಂಬರಿಯ ಹೆಸರು, ಬೆಲೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಅಂಟಿಸಿದೆ.

ಎರಡು ದಿನ ಲಿಫ್ಟಿನಲ್ಲಿ ಒಬ್ಬರೂ ನಗಲಿಲ್ಲ. ಮೂರನೇ ದಿನ ನಿವೃತ್ತರಾದ ಒಬ್ಬ ಅಂಕಲ್ ಸೆಕ್ಯುರಿಟಿ ಹತ್ತಿರ, "ಅರ್ಜಿ ಎಲ್ಲಿ ಸಿಗುತ್ತಪ್ಪಾ?" ಅಂತ ಕೇಳಿದರಂತೆ. ಕೇಳಿ ಬಿದ್ದು ಬಿದ್ದು ನಕ್ಕೆ. ರಾತ್ರಿ ನೆನೆಸಿಕೊಂಡರೆ ಸ್ವಲ್ಪ ಹೆದರಿಕೆಯೇ ಆಯಿತು. ನಾನು 300 ಪುಟ ಹೆಣಗಿದ್ದನ್ನು ಅವರು ಮೂರು ಮಾತಲ್ಲಿ ಮುಗಿಸಿದ್ದರು.

ಮಾರನೇ ದಿನವೇ ಅರ್ಜಿ ಅಚ್ಚು ಹಾಕಿಸಿ, ಪುಸ್ತಕದೊಳಗೆ ಪುಟ ಗುರುತಿಗೆ ಇಟ್ಟೆ. ನಗುವಿನ ಕಾರಣ, ಜೊತೆಗೆ ನಗುವವರ ಸಂಖ್ಯೆ, ಈ ಹಿಂದೆ ನಕ್ಕಿದ್ದಲ್ಲಿ ವಿವರ. ಜನ ಅದನ್ನು ತುಂಬಿ, ಫೋಟೋ ತೆಗೆದು ಕಳಿಸತೊಡಗಿದರು. ವಾಟ್ಸಾಪ್‌ನಲ್ಲಿ ವಾರಕ್ಕೊಂದು ನೋಟಿಸ್ ಬಿಟ್ಟೆ. ಇಮೋಜಿ ಇಲ್ಲ, ಆಶ್ಚರ್ಯ ಚಿಹ್ನೆ ಇಲ್ಲ. ಬರೆದವನು ನಗುತ್ತಿದ್ದಾನೆ ಅಂತ ಗೊತ್ತಾದರೆ ಮುಗಿಯಿತು. ಪ್ರತಿ ವಾರ ಹಗ್ಗ ಒಂಚೂರು ಬಿಗಿ. ಆರನೆಯದರಲ್ಲಿ ತಮಾಷೆ ಇರಲೇ ಇಲ್ಲ: "ಕಳೆದ ತಿಂಗಳು ನಕ್ಕವರ ಪಟ್ಟಿ ಕಚೇರಿಯಲ್ಲಿ ಲಭ್ಯವಿದೆ." ಜಾಸ್ತಿ ಪ್ರತಿ ಹೋದದ್ದು ಆ ವಾರವೇ. ಈ ಸಲ ನಿದ್ದೆ ಕೆಟ್ಟಿತು ಅಂತ ಯಾರೂ ಜಗಳಕ್ಕೆ ಬರಲಿಲ್ಲ.

1975ರಲ್ಲಿ, ತುರ್ತು ಪರಿಸ್ಥಿತಿಯ ಕಾಲಕ್ಕೆ, ದೆಹಲಿಯ ವ್ಯಂಗ್ಯಚಿತ್ರ ವಾರಪತ್ರಿಕೆ 'ಶಂಕರ್ಸ್ ವೀಕ್ಲಿ' ನಿಂತುಹೋಯಿತು. ಸರ್ವಾಧಿಕಾರಕ್ಕೆ ನಗು ಸಹಿಸಲಾಗದು ಅಂತ ಅದರ ಕೊನೆಯ ಸಂಪಾದಕೀಯ ಹೇಳಿತ್ತು. ನಮ್ಮ ನಿಜವಾದ ಸಂಘದ ಅಧ್ಯಕ್ಷರು ಮಾತ್ರ ಆರಾಮಾಗಿ ಸಹಿಸಿಕೊಂಡರು. ಪಾರ್ಕಿಂಗ್ ಹತ್ತಿರ ಹಿಡಿದು ನಿಲ್ಲಿಸಿ, "ಪಕ್ಕದ ಅಪಾರ್ಟ್‌ಮೆಂಟಿನವರ ಬಗ್ಗೆ ಬರ್ದಿದೀರಿ ಅಲ್ವಾ? ಸೂಪರ್ ಸಾರ್" ಅಂದರು. ಹತ್ತು ಪ್ರತಿ ಕೊಂಡು ಕಮಿಟಿಯವರಿಗೆಲ್ಲ ಹಂಚಿದರು. ಪ್ರತಿಯೊಂದರ ಮೊದಲ ಪುಟಕ್ಕೂ ಸಂಘದ ಸೀಲು ಹೊಡೆದು.